“ಬ್ಯಾಂಕ್ ಅಂತ ನಾವೆಲ್ಲಿ ಹೇಳಿದೀವಿ ಅಮ್ಮ?” ಸೊಸೈಟಿಯಲ್ಲಿ ಎಫ್‌ಡಿ ಇಟ್ಟವರು ದಯವಿಟ್ಟು ಓದಿ

ಸೌಹಾರ್ದ ಸಹಕಾರಿ, ಪತ್ತಿನ ಸಹಕಾರ ಸಂಘ, ಕ್ರೆಡಿಟ್ ಸೊಸೈಟಿ, ಹೆಸರು ಏನೇ ಇರಲಿ, ಅಲ್ಲಿ ದುಡ್ಡು ಇಟ್ಟಿದ್ದರೆ ಇದನ್ನು ಓದಿ. ನಮ್ಮ ಬಡಾವಣೆಯ ಸೊಸೈಟಿ ಶಟರ್ ಅರ್ಧ ಇಳಿಸಿಕೊಂಡು ಕೂತಿದೆ. ನನ್ನ ನಿವೃತ್ತಿ ಹಣ ಅದರೊಳಗಿದೆ. ದೂರು ವಿಚಾರಣೆಯಲ್ಲಿರುವುದರಿಂದ ಹೆಸರು ಬರೆಯುತ್ತಿಲ್ಲ.

ದುಡ್ಡು ಇಡುವ ದಿನ ನಾನು ಕೇಳಿದ್ದು ಒಂದೇ ಮಾತು, “ಇದಕ್ಕೆ ವಿಮೆ ಇದೆಯಾ?” ಕೌಂಟರಿನ ಹುಡುಗ ತಲೆ ಎತ್ತದೆ, “ಐದು ಲಕ್ಷದವರೆಗೂ ಇದೆ ಅಮ್ಮ, ಎಲ್ಲಾ ಬ್ಯಾಂಕಿಗೂ ಇರೋ ಹಾಗೆ” ಅಂದ. ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದರು. ಇಲ್ಲ ಅನ್ನಲಿಲ್ಲ, ನಗುತ್ತಾ ತಲೆಯಾಡಿಸಿದರು. ಪಾಸ್‌ಬುಕ್, ಲಾಕರ್, ಟೋಕನ್, ಎಲ್ಲ ಬ್ಯಾಂಕಿನ ಥರವೇ. ಜೊತೆಗೆ ಷೇರು ಹಣ ಅಂತ ಒಂದಿಷ್ಟು ಕಟ್ಟಿಸಿಕೊಂಡು ಸದಸ್ಯತ್ವದ ಅರ್ಜಿಗೂ ಸಹಿ ಹಾಕಿಸಿಕೊಂಡರು. “ಅದೊಂದು ಫಾರ್ಮಾಲಿಟಿ ಅಮ್ಮ.” ಆ ಫಾರ್ಮಾಲಿಟಿ ಏನಂತ ಈಗ ಗೊತ್ತಾಗಿದೆ.

ಅವಧಿ ಮುಗಿಯಿತು. “ಮುಂದಿನ ಸೋಮವಾರ ಬನ್ನಿ.” “ಅಧ್ಯಕ್ಷರು ಊರಲ್ಲಿಲ್ಲ.” “ರಿನ್ಯೂ ಮಾಡಿಸಿ, ಅರ್ಧ ಪರ್ಸೆಂಟ್ ಜಾಸ್ತಿ ಕೊಡ್ತೀವಿ.” ಕೊಡಲು ಅಸಲೇ ಇಲ್ಲ, ಬಡ್ಡಿ ಜಾಸ್ತಿಯಂತೆ! ಕೊನೆಗೆ, ವಿಮೆಯ ದುಡ್ಡನ್ನಾದರೂ ಕೊಡಿಸಿ ಅಂದೆ. ಅದೇ ಮ್ಯಾನೇಜರ್, ಅದೇ ನಗು: “ವಿಮೆ ಬ್ಯಾಂಕಿಗೆ ಅಲ್ವಾಮ್ಮ? ನಾವು ಬ್ಯಾಂಕ್ ಅಂತ ಎಲ್ಲಿ ಹೇಳಿದೀವಿ? ಹೊರಗೆ ಬೋರ್ಡ್ ನೋಡಿ.”

ಹೊರಗೆ ಬಂದು ನೋಡಿದೆ. “ಸಹಕಾರಿ” ಅಂತ ಬರೆದ ಪಕ್ಕದಲ್ಲಿ ಒಂದು ಪಟ್ಟಿಯಷ್ಟು ಜಾಗಕ್ಕೆ ಹಸಿರು ಬಣ್ಣ ಬಳಿದಿದ್ದಾರೆ. ಬಳಿದವನಿಗೆ ಅವಸರವಿತ್ತೋ ಏನೋ, “ಬ್ಯಾಂಕ್” ಪದದ ಒತ್ತಕ್ಷರದ ಬಾಲ ಬಣ್ಣದ ಕೆಳಗೆ ಹಾಗೇ ಉಳಿದಿದೆ. 2020ರಲ್ಲಿ ಬ್ಯಾಂಕಿಂಗ್ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಸೊಸೈಟಿಗಳು ಹೆಸರಿನಲ್ಲಿ ಆ ಪದ ಬಳಸುವಂತಿಲ್ಲ. 2021ರ ನವೆಂಬರ್‌ನಲ್ಲಿ ಆರ್‌ಬಿಐ ಸಾರ್ವಜನಿಕರಿಗೆ ಎಚ್ಚರಿಕೆಯನ್ನೂ ಕೊಟ್ಟಿತ್ತು. ಇವರು ಬೋರ್ಡಿಗೆ ಬಣ್ಣ ಹೊಡೆದರು, ಕೌಂಟರಿನ ಹುಡುಗನ ಬಾಯಿಗೆ ಹೊಡೆಯಲಿಲ್ಲ.

ಡಿಐಸಿಜಿಸಿ, ಅಂದರೆ ಬ್ಯಾಂಕ್ ಠೇವಣಿಗೆ ವಿಮೆ ಕೊಡುವ ಆರ್‌ಬಿಐ ಅಂಗಸಂಸ್ಥೆ, ಅದರ ವಿಮೆ 2020ರ ಫೆಬ್ರವರಿಯಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತಲ್ಲ, ಅದು ಬ್ಯಾಂಕುಗಳಿಗೆ ಮಾತ್ರ. ಸಹಕಾರಿ ಬ್ಯಾಂಕಿಗೂ ಉಂಟು. ಸೊಸೈಟಿಗೆ ಇಲ್ಲ. ಒಂದು ರೂಪಾಯಿಯೂ ಇಲ್ಲ.

ಮತ್ತೆ ಒಳಗೆ ಹೋಗಿ ಜಗಳ ಮಾಡಿದೆ. ಆಗ ಬಂತು ಫಾರ್ಮಾಲಿಟಿ: “ನೀವೂ ಸದಸ್ಯರೇ ಅಲ್ವಾ? ಡಿವಿಡೆಂಡ್ ತಗೊಂಡಿಲ್ವಾ? ನಷ್ಟ ಬಂದ್ರೆ ಎಲ್ಲರದ್ದೂ. ಟೀಚರ್ ಆಗಿದ್ದವರು ನೀವು, ನಿಮಗೆ ಹೇಳಿಕೊಡಬೇಕಾ?” ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಚಕ್ರಬಡ್ಡಿ ಲೆಕ್ಕ ಹೇಳಿಕೊಟ್ಟವಳು ನಾನು! ಆ ನಗು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮನೆಗೆ ಬಂದು ವಾರ್ಷಿಕ ವರದಿ ತೆಗೆದೆ. ಸರ್ವಸದಸ್ಯರ ಸಭೆಯಲ್ಲಿ ಊಟದ ಕೂಪನ್, ಸ್ಟೀಲ್ ಡಬ್ಬಿ ಜೊತೆ ಕೊಟ್ಟಿದ್ದು. ಆಡಿಟ್ ವರ್ಗ “ಎ” ಅಂತ ಮುಖಪುಟದಲ್ಲೇ ಇದೆ. ನಿರ್ದೇಶಕರು ಮತ್ತು ಬಂಧುಗಳ ಸಾಲ ಎಷ್ಟು ಅನ್ನುವುದು ಮಾತ್ರ ಕಟ್ಟಕಡೆಯ ಪುಟದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಮಾಜಿ ನಿರ್ದೇಶಕರೊಬ್ಬರು ಬಿಡಿಸಿ ಹೇಳಿದರು: ಲೇಔಟ್ ಮಾಡುವ ನೆಂಟರಿಗೆ ಸಾಲ, ಅದು ಸುಸ್ತಿಯಾದರೆ ತೀರಿಸಲು ಇನ್ನೊಂದು ಸಾಲ. ಕಾಗದದ ಮೇಲೆ ಸುಸ್ತಿಯೇ ಇಲ್ಲ. ವರ್ಗ “ಎ”.

ದೊಡ್ಡವರದ್ದೂ ಇದೇ ಆಟ. ಮುಂಬೈನ ಪಿಎಂಸಿ ಬ್ಯಾಂಕು ಕೊಟ್ಟ ಸಾಲದಲ್ಲಿ ಶೇ. 70ಕ್ಕೂ ಹೆಚ್ಚು ಎಚ್‌ಡಿಐಎಲ್ ಎಂಬ ಒಂದೇ ರಿಯಲ್ ಎಸ್ಟೇಟ್ ಗುಂಪಿಗೆ ಹೋಗಿತ್ತು. ಅದನ್ನು ಮುಚ್ಚಿಡಲು 21,000ಕ್ಕೂ ಹೆಚ್ಚು ಸುಳ್ಳು ಖಾತೆ. 2019ರ ಸೆಪ್ಟೆಂಬರ್‌ನಲ್ಲಿ ಬಯಲಾದಾಗ ಠೇವಣಿದಾರರಿಗೆ ಖಾತೆಯಿಂದ ತೆಗೆಯಲು ಮೊದಲು ಬಿಟ್ಟಿದ್ದು 1,000 ರೂಪಾಯಿ. ಅದಕ್ಕೂ ಹಿಂದಿನ ವರ್ಷ ಐಎಲ್ ಆ್ಯಂಡ್ ಎಫ್‌ಎಸ್, ಮೂಲಸೌಕರ್ಯ ಯೋಜನೆಗಳಿಗೆ ಹಣ ಹೂಡುವ ಕಂಪನಿ, ಮೈಮೇಲೆ ಸುಮಾರು 91,000 ಕೋಟಿ ಸಾಲ. ಕಂತು ತಪ್ಪುವ ಕೆಲವೇ ವಾರ ಮುಂಚಿನವರೆಗೂ ರೇಟಿಂಗ್ ಟ್ರಿಪಲ್ ಎ, ಎಲ್ಲಕ್ಕಿಂತ ಮೇಲಿನದು! ಆಡಿಟರ್ ಇದ್ದರು, ನಿರ್ದೇಶಕರಿದ್ದರು, ಎಲ್ಲರೂ ಇದ್ದರು. ಪಿಎಂಸಿಯವರಿಗೆ ಕಾದು ಕಾದು 2022ರಲ್ಲಿ 5 ಲಕ್ಷದವರೆಗಾದರೂ ವಿಮೆಯ ದುಡ್ಡು ಬಂತು. ನಮಗೆ ಅದೂ ಇಲ್ಲ.

ಡಿಐಸಿಜಿಸಿ ವೆಬ್‌ಸೈಟಿನಲ್ಲಿ ವಿಮೆ ಇರುವ ಬ್ಯಾಂಕುಗಳ ಪಟ್ಟಿ ಇದೆ, ಅದರಲ್ಲಿ ಹೆಸರಿಲ್ಲದಿದ್ದರೆ ಎಷ್ಟು ಬಡ್ಡಿ ಕೊಟ್ಟರೂ ಬೇಡ. ಕೌಂಟರಿನ ಬಾಯಿಮಾತು ನಂಬಲೇಬೇಡಿ, ಅದರಲ್ಲೂ ನಗುವವರದ್ದು. ಸಿಕ್ಕಿಹಾಕಿಕೊಂಡಿದ್ದರೆ ಸಹಕಾರ ಸಂಘಗಳ ನಿಬಂಧಕರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುಖ್ಯವಾಗಿ, “ಕಂಪ್ಯೂಟರಿಗೆ ಏರಿಸಬೇಕು” ಅಂತ ಈಗ ಒರಿಜಿನಲ್ ಠೇವಣಿ ಬಾಂಡ್ ಕೇಳುತ್ತಿದ್ದಾರೆ. ಕೊಡಬೇಡಿ, ಜೆರಾಕ್ಸ್ ಕೊಡಿ. ನಮ್ಮ ಬೀದಿಯ ಇಬ್ಬರು ಒರಿಜಿನಲ್ಲೇ ಕೊಟ್ಟು ಬಂದರು. ಅದಕ್ಕೆ ಬದಲಾಗಿ ಸಿಕ್ಕಿದ್ದು ಒಂದು ಚೀಟಿ, ಅದರ ಮೇಲೆ ಸೀಲೂ ಇಲ್ಲ, ಸಹಿಯೂ ಇಲ್ಲ.