ಸಾಣಿಕಟ್ಟಾ ಹರಳುಪ್ಪು: ಯಾವುದಕ್ಕೆ ಕೊಳ್ಳಬೇಕು, ಯಾವುದಕ್ಕೆ ಬೇಡ

ಗೋಕರ್ಣದ ದಾರಿಯಲ್ಲಿ, ಅಘನಾಶಿನಿ ಅಳಿವೆಯ ಬದಿಯ ಸಾಣಿಕಟ್ಟಾ ಆಗರಗಳ, ಅಂದರೆ ಉಪ್ಪಿನ ಗದ್ದೆಗಳ, ಹರಳುಪ್ಪು ದಿನದ ಸಾರು-ಪಲ್ಯಕ್ಕಲ್ಲ. ಉಪ್ಪಿನಕಾಯಿಗೆ, ಒಣಮೀನಿಗೆ, ತೆಂಗು ನೆಡುವ ಗುಂಡಿಗೆ ಮಾತ್ರ ಕೊಳ್ಳಬಹುದು.

ಮಣ್ಣಿನ ಬಣ್ಣ ಕಂಡು ಮೂಗು ಮುರಿಯುವವರಿದ್ದಾರೆ. ಉಪ್ಪುನೀರು ಒಣಗಿಸುವ ಪಾತಿಯ ತಳ ಜೇಡಿಮಣ್ಣಿನದು, ಕೆರೆದು ರಾಶಿ ಹಾಕುವಾಗ ಅದರ ಅಂಶ ಸೇರುತ್ತದೆ. ಸಮುದ್ರದ ನೀರು ಸುಮಾರು 3.5 ಬೋಮೆ ಡಿಗ್ರಿ (ಉಪ್ಪುನೀರಿನ ಸಾಂದ್ರತೆಯ ಅಳತೆ) ಇರುತ್ತದೆ. ಉಪ್ಪು ಹರಳುಗಟ್ಟಲು ಅದು 25ಕ್ಕೆ ಏರಬೇಕು. ಅಷ್ಟರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು ಆವಿಯಾಗಿರುತ್ತದೆ. 29-30 ದಾಟಿದರೆ ಮೆಗ್ನೀಸಿಯಂ ಲವಣಗಳೂ ಇಳಿಯತೊಡಗಿ ಉಪ್ಪು ಕಹಿಯಾಗುತ್ತದೆ. ಮಳೆಗಾಲದಲ್ಲಿ ಅಳಿವೆಗೆ ತುಂಬಿದ ಸಿಹಿನೀರು ಸರಿಯುವವರೆಗೆ ಕಾಯಬೇಕು, ಜೂನ್‌ಗೆ ಮತ್ತೆ ಮಳೆ. ನಡುವಿನ ಕೆಲವೇ ತಿಂಗಳಲ್ಲಿ ದುಡಿದದ್ದೇ ಬೆಳೆ. ಏಪ್ರಿಲ್‌ನಲ್ಲಿ ಒಂದು ಅಡ್ಡಮಳೆ ಬಿದ್ದರೆ ಪಾತಿ ಮತ್ತೆ ತೆಳು ನೀರು. ದೊಡ್ಡ ಬಯಲು, ದೀರ್ಘ ಬಿಸಿಲು, ಯಂತ್ರ ಎಲ್ಲ ಇರುವ ಗುಜರಾತಿನ ಉಪ್ಪಿನೊಡನೆ ದರದಲ್ಲಿ ಇದು ಸೆಣಸಲಾರದು.

ಕೊಳ್ಳುವಾಗ ಚೀಲದ ತಳ ಮುಟ್ಟಿ ನೋಡಿ. 50 ಕೆಜಿ ಚೀಲದಲ್ಲಿ ಶೇ 5 ತೇವವಿದ್ದರೆ ಎರಡೂವರೆ ಕೆಜಿ ನೀರಿಗೆ ದುಡ್ಡು ಕೊಟ್ಟಂತೆ. ಹೊಸ ಉಪ್ಪಿಗಿಂತ ಹಿಂದಿನ ಹಂಗಾಮಿನದು ಮೇಲು: ತೇವ ಹೀರುವ ಮೆಗ್ನೀಸಿಯಂ ಕ್ಲೋರೈಡ್ ರಾಶಿಯಲ್ಲೇ ಬಸಿದು ಹೋಗಿರುತ್ತದೆ. ಹೊಸದೇ ಸಿಕ್ಕಿದರೆ ತೊಳೆದುಕೊಳ್ಳಿ, ಆದರೆ ಬರೀ ನೀರಿನಲ್ಲಿ ಅಲ್ಲ. ಲೀಟರಿಗೆ 360 ಗ್ರಾಂನಷ್ಟು ಉಪ್ಪು ಕರಗಿಸಿ, ಸೋಸಿ, ಆ ನೀರಿನಲ್ಲಿ ಹರಳು ಜಾಲಿಸಿದರೆ ಮಣ್ಣೂ ಕಹಿಯೂ ಹೋಗುತ್ತವೆ, ಹರಳು ಕರಗುವುದಿಲ್ಲ. ಎರಡು ಬಿಸಿಲು ಒಣಗಿಸಿ ಭರಣಿಯಲ್ಲಿಡಿ. ಒಣಮೀನಿಗೆ ತೊಳೆಯದ ಹೊಸ ಉಪ್ಪು ಹಾಕಿದರೆ ಆಷಾಢದಲ್ಲಿ ಮೀನು ಜಿನುಗುತ್ತದೆ.

ಅಪ್ಪೆಮಿಡಿಗೆ ಕೆಜಿಗೆ 250ರಿಂದ 300 ಗ್ರಾಂ ಹಾಕಿ. ತೂಗಿಯೇ ಹಾಕಬೇಕು, ದಪ್ಪ ಹರಳಿನ ನಡುವೆ ಸಂದಿ ಹೆಚ್ಚು, ಪುಡಿ ಉಪ್ಪಿನ ಲೋಟದ ಅಳತೆ ಹಿಡಿದರೆ ಉಪ್ಪು ಸಾಲದೆ ಮಿಡಿ ಮೆತ್ತಗಾಗುತ್ತದೆ. ಪ್ಯಾಕೆಟ್ ಉಪ್ಪಿನಲ್ಲಿ ಗಂಟುಕಟ್ಟದಿರಲು ಬೆರೆಸುವ ಪದಾರ್ಥ ಉಪ್ಪುನೀರನ್ನು ಮಂಜಾಗಿಸುತ್ತದೆ, ಇಲ್ಲಿ ಆ ತಕರಾರಿಲ್ಲ.

ಅಡುಗೆಗೇಕೆ ಬೇಡ? ಅಯೋಡಿನ್ ಇಲ್ಲ. ನೇರ ಸೇವನೆಯ ಉಪ್ಪಿನಲ್ಲಿ ಗ್ರಾಹಕರ ಕೈಸೇರುವಾಗ ಕನಿಷ್ಠ 15 ಪಿಪಿಎಂ (ಹತ್ತು ಲಕ್ಷದಲ್ಲಿ 15 ಪಾಲು) ಅಯೋಡಿನ್ ಇರಬೇಕೆಂಬುದು ನಿಯಮ. ಖನಿಜಗಳ ಹೆಸರಿನಲ್ಲಿ ಕಲ್ಲುಪ್ಪನ್ನು ಔಷಧಿಯಂತೆ ಮಾರುವವರ ಮಾತಿಗೆ ಮರುಳಾಗಬೇಡಿ. ಚಿಟಿಕೆಯಲ್ಲಿ ಸಿಗುವ ಖನಿಜ ಲೆಕ್ಕಕ್ಕಿಲ್ಲ. ಚಿರೆಕಲ್ಲಿನ ನೆಲದಲ್ಲಿ ತೆಂಗು ನೆಡುವವರಿಗೆ ಗುಂಡಿಗೆ 2 ಕೆಜಿ, ಆರು ತಿಂಗಳು ಮುಂಚೆ: ಗಟ್ಟಿ ತಳ ಸಡಿಲವಾಗುತ್ತದೆ. ಇದಕ್ಕೆ ಮಣ್ಣು ಮಿಶ್ರಿತ ಕಡಿಮೆ ದರದ ಉಪ್ಪೇ ಸಾಕು.

ಉಪ್ಪಿನ ದರದಲ್ಲಿ ಕೂಲಿ, ನೀರು ತಡೆಯುವ ಕಟ್ಟು, ಗೇಟಿನ ದುರಸ್ತಿ ಸೇರಿರುತ್ತವೆ. ಭರತದ ನೀರಿನೊಡನೆ ಒಳಬರುವ ಮೀನು, ಸಿಗಡಿ, ಇಳಿತದಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರ ದುಡಿಮೆ ಯಾವ ಬಿಲ್ಲಿನಲ್ಲೂ ಬರುವುದಿಲ್ಲ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದ ಈ ಅಳಿವೆಯ ಜಾಗಕ್ಕೆ ಬಂದರು, ವಿದ್ಯುತ್ ಸ್ಥಾವರಗಳ ಪ್ರಸ್ತಾಪ ಬಂದಾಗ ಎಕರೆಗೆ ಉಪ್ಪಿನ ಆದಾಯವಿಷ್ಟೇ ಎಂದು ತೂಗಿದರೆ ಆಗರ ಸೋಲುವುದು ಖಂಡಿತ. ಸಿಗಡಿ ಕೆರೆ ಮಾಡಿದರೆ ಲಾಭ ಹೆಚ್ಚೆನ್ನುವವರು 1990ರ ದಶಕದಲ್ಲಿ ಸಿಗಡಿಗೆ ತಗುಲಿದ ಬಿಳಿಚುಕ್ಕೆ ವೈರಸ್ಸಿನ ನಷ್ಟವನ್ನೂ ಅದೇ ತಕ್ಕಡಿಗೆ ಹಾಕಲಿ. ಉಪ್ಪಿಗೆ ರೋಗ ಬರುವುದಿಲ್ಲ, ಮೇವೂ ಬೇಡ.