ಕೋಟೆ ಇಳಿಯೋ ಕಾಲಿಗೆ ಲೇಸಿನ ಆಂಕಲ್ ಬ್ರೇಸ್: ದುಡ್ಡಿಗೆ ಮೋಸ ಇಲ್ಲ, ಚಪ್ಪಲಿ ಮಾತ್ರ ಬಿಡಬೇಕು

ಚಿತ್ರದುರ್ಗದ ಕೋಟೆಯಲ್ಲಿ ಗೈಡ್ ಕೆಲಸ ನಂದು. ಬಲಗಾಲು ಉಳುಕಿ ವಾಸಿಯಾಗಿ ಮತ್ತೆ ಉಳುಕಿದ ಮೇಲೆ, ಫಿಸಿಯೋಥೆರಪಿಯವರ ಮಾತು ಕೇಳಿ ಪಾದದ ಗಂಟಿಗೆ ಲೇಸ್ ಬಿಗಿದು ಪಟ್ಟಿ ಸುತ್ತುವ ಬ್ರೇಸ್ ತಗೊಂಡೆ. ಬಿ.ಡಿ. ರೋಡಿನ ಮೆಡಿಕಲ್ ಒಂದರಲ್ಲಿ ಎಂಟುನೂರು ಚಿಲ್ಲರೆ ಆಯ್ತು. ಅಂಗಡಿಯವನು ಮೊದಲು ಕೈಗಿಟ್ಟದ್ದು ಕಾಲುಚೀಲದ ಥರ ಎಳೆದು ಹಾಕೋ ಎಲಾಸ್ಟಿಕ್ ಬೈಂಡರ್. ಅರ್ಧಕ್ಕಿಂತ ಕಮ್ಮಿ ರೇಟು, ನಿಜ. ಆದರೆ ಅದು ಒಂದಿಷ್ಟು ಒತ್ತಡ ಕೊಡುತ್ತೆ ಅಷ್ಟೆ, ಪಾದ ಹೊರಳಿದರೆ ತಡೆಯೋ ತಾಕತ್ತು ಅದಕ್ಕಿಲ್ಲ.

ಬೇಕಾದದ್ದು ಆ ತಾಕತ್ತೇ. ಪಾದದ ಗಂಟಿನೊಳಗಿನ ಟ್ಯಾಲಸ್ ಅನ್ನೋ ಮೂಳೆಯನ್ನ ಮೇಲಿಂದ ಮೊಣಕಾಲ ಕೆಳಗಿನ ಎರಡು ಮೂಳೆ ಕವೆಯ ಹಾಗೆ ಹಿಡಿದಿವೆ: ಒಳಗಡೆ ಟಿಬಿಯಾ, ಹೊರಗಡೆ ಫಿಬ್ಯುಲಾ. ಹೊರಗಿನ ತುದಿ ಹೆಚ್ಚು ಕೆಳಗಿಳಿದಿರೋದರಿಂದ ಪಾದ ಹೊರಕ್ಕೆ ಸುಲಭವಾಗಿ ತಿರುಗಲ್ಲ, ಒಳಕ್ಕೆ ಹೊರಳುತ್ತೆ. ಲಿಗಮೆಂಟ್ ಅಂದರೆ ಮೂಳೆಗೆ ಮೂಳೆ ಕಟ್ಟಿಡೋ ಪಟ್ಟಿ; ಒಳಬದಿಯ ಡೆಲ್ಟಾಯ್ಡ್ ಲಿಗಮೆಂಟ್ ದಪ್ಪ, ಗಟ್ಟಿ. ಹೊರಬದಿಯಲ್ಲಿರೋದು ಬೇರೆ ಬೇರೆ ಮೂರು ಪಟ್ಟಿ. ಅದರಲ್ಲಿ ಮುಂದಿನದು, ಆಂಟೀರಿಯರ್ ಟ್ಯಾಲೋಫಿಬ್ಯುಲರ್, ಸಾಮಾನ್ಯವಾಗಿ ಮೊದಲು ಹರಿಯೋದು.

ಇನ್ನೊಂದು ವಿಷಯ ಇದೆ. ಟ್ಯಾಲಸ್ ಮುಂದೆ ಅಗಲ, ಹಿಂದೆ ಕಿರಿದು. ಬೆರಳು ಕೆಳಗೆ ಮಾಡಿ ಮೆಟ್ಟಿಲಿಳಿಯುವಾಗ ಆ ಕಿರಿದಾದ ಭಾಗ ಕವೆಯೊಳಗೆ ಬಂದು ಕೀಲು ಸಡಿಲ ಆಗುತ್ತೆ. ಕೋಟೆಯ ತುಪ್ಪದ ಕೊಳದ ಬಂಡೆ ಹತ್ತುವಾಗ ಏದುಸಿರು ಬಿಟ್ಟವರು, ಇಳಿಯುವಾಗ ಸೆಲ್ಫಿ ತೆಗೀತಾ ಕಾಲು ಹೊರಳಿಸ್ಕೊಳ್ಳೋದು ಇದಕ್ಕೇ ಇರಬೇಕು.

ಬ್ರೇಸಿನ ಪಟ್ಟಿಗಳು ಎಂಟರ ಆಕಾರದಲ್ಲಿ ಹಿಮ್ಮಡಿಯನ್ನ ಬಿಗಿಹಿಡಿಯುತ್ತವೆ. ಮೇಲೆ ಕೆಳಗೆ ಆಡೋಕೆ ಅಷ್ಟೇನೂ ತಕರಾರಿಲ್ಲ, ಪಕ್ಕಕ್ಕೆ ಹೊರಳೋಕೆ ಬಿಡಲ್ಲ. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕೋದು ಇದರಿಂದ ಕಮ್ಮಿಯಾಗುತ್ತೆ ಅಂತ ಆಟಗಾರರ ಮೇಲೆ ಮಾಡಿದ ಅಧ್ಯಯನಗಳೂ ಹೇಳ್ತವೆ. ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟೋ ಡಿಸೆಂಬರ್‌ನಲ್ಲಿ ಇದನ್ನ ಹಾಕ್ಕೊಂಡೇ ದಿನವಿಡೀ ಹತ್ತಿ ಇಳಿದೆ.

ತೊಂದರೆಗಳೂ ಇವೆ. ಚಪ್ಪಲಿ ಜೊತೆ ಆಗಲ್ಲ, ಶೂನೇ ಬೇಕು, ಅದೂ ಸ್ವಲ್ಪ ಸಡಿಲದ್ದು. ಮಾರ್ಚ್ ಬಂದರೆ ಒಳಗೆಲ್ಲ ಬೆವರು, ದಪ್ಪ ಹತ್ತಿ ಕಾಲುಚೀಲ ಇಲ್ಲದಿದ್ದರೆ ತುರಿಕೆ. ವೆಲ್ಕ್ರೋಗೆ ಹುಲ್ಲಿನ ಮುಳ್ಳು ಅಂಟಿ ಅಂಟಿ ಹಿಡಿತ ಹೋಗುತ್ತೆ, ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಕೆರೆದು ತೆಗೀಬೇಕು. ಸೈಜಿಗೆ ಕಾಲಿನ ಸುತ್ತಳತೆಯನ್ನ ಊತ ಇಳಿದ ಮೇಲೆ ತಗೊಳ್ಳಿ. ಎಲ್ಲಿ ಅಳೀಬೇಕು ಅನ್ನೋದು ಡಬ್ಬಿ ಮೇಲೇ ಇರುತ್ತೆ.

ಮೀನಖಂಡದ ನೋವಿಗೆ, ಹಿಮ್ಮಡಿ ಮೇಲಿನ ಅಕಿಲಿಸ್ ಟೆಂಡನ್‌ಗೆ (ಮೀನಖಂಡವನ್ನ ಹಿಮ್ಮಡಿಗೆ ಕಟ್ಟೋ ಹುರಿ) ಅಂತ ಇದನ್ನ ಕೊಳ್ಳಬೇಡಿ, ಅದರ ಕೆಲಸ ಇದಲ್ಲ. ಹೊಸದಾಗಿ ಉಳುಕಿದ್ದರೆ ಮೊದಲು ಮೂಳೆ ನೋಡಿಸಿ. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ಡಾಕ್ಟರುಗಳು ಮಾಡಿಟ್ಟ ನಿಯಮ ಇದೆ: ಗಂಟಿನ ಸುತ್ತ ನೋವಿದ್ದು, ಎರಡರಲ್ಲಿ ಯಾವುದೇ ಕಡೆಯ ಉಬ್ಬಿರೋ ಗಂಟುಮೂಳೆಯ ಹಿಂಬದಿ ಅಂಚಲ್ಲಿ, ಕೆಳಗಿನ 6 ಸೆಂಟಿಮೀಟರಲ್ಲಿ ಅಥವಾ ತುದಿಯಲ್ಲಿ, ಒತ್ತಿದರೆ ನೋವಾದರೆ, ಇಲ್ಲವೇ ಬಿದ್ದ ಕೂಡಲೂ ಆಸ್ಪತ್ರೆಯಲ್ಲೂ 4 ಹೆಜ್ಜೆ ಇಡೋಕಾಗದಿದ್ದರೆ ಎಕ್ಸ್‌ರೇ. ಪಾದದ ನಡುಭಾಗದ ನೋವಿಗೆ ಬೇರೆ ಗುರುತುಗಳಿವೆ, ಕಿರುಬೆರಳ ಕಡೆ ಪಾದದ ನಡುವೆ ಉಬ್ಬಿರೋ ಮೂಳೆ ಅದರಲ್ಲೊಂದು. ಉಳುಕು ತೆಗೀತೀನಿ ಅಂತ ಎಣ್ಣೆ ಹಚ್ಚಿ ಎಳೆಯೋರ ಕೈಗೆ ಹರಿದ ಲಿಗಮೆಂಟನ್ನ ಕೊಡಬೇಡಿ, ನಮ್ಮ ದೊಡ್ಡಪ್ಪನೇ ಆಗಿರಲಿ.

ಬ್ರೇಸ್ ಹಾಕಿದ ಮಾತ್ರಕ್ಕೆ ವ್ಯಾಯಾಮ ಬಿಡೋ ಹಾಗಿಲ್ಲ. ಟಿಕೆಟ್ ಕೌಂಟರ್ ಹತ್ತಿರ ಗುಂಪು ಸೇರೋವರೆಗೆ ನಾನು ಬ್ರೇಸ್ ಬಿಚ್ಚಿ ಬಲಗಾಲ ಮೇಲೆ ಒಂಟಿ ನಿಲ್ತೀನಿ. ಕಣ್ಣು ಮುಚ್ಚಿದರೆ ಈಗಲೂ ಓಲಾಡ್ತೀನಿ. ಒಂದೇ ಕಾಲು ಪದೇ ಪದೇ ಉಳುಕೋರು, ಶೂ ಹಾಕೋರು ಧೈರ್ಯವಾಗಿ ತಗೊಳ್ಳಿ. ಕಪ್ಪು ಬಣ್ಣದ್ದೇ ಕೇಳಿ, ಬಿಳಿಯದು ನಮ್ಮ ದುರ್ಗದ ಧೂಳಿಗೆ ಸರಿಹೋಗಲ್ಲ.