ಸಂಶೋಧನೆಗೆ ಧಾರವಾಡವೋ ಮೈಸೂರೋ: ಎರಡೂ ಕಡೆ ಹೋಗಿ ನೋಡಿದ ಮೇಲೆ

ಕನ್ನಡ ಎಂ.ಎ. ಮುಗಿಸಿ, ಎರಡು ವರ್ಷ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿದ ಮೇಲೆ ಪಿಎಚ್.ಡಿ. ಮಾಡಲೇಬೇಕೆಂದು ಗಟ್ಟಿಮಾಡಿಕೊಂಡೆ. ವಿಷಯದ ಬಗ್ಗೆ ಗೊಂದಲವಿರಲಿಲ್ಲ. ನೂರು ವರ್ಷಕ್ಕೂ ಹಿಂದೆ ಕನ್ನಡ ನಿಯತಕಾಲಿಕೆಗಳು ಹೇಗೆ ಅಚ್ಚಾಗುತ್ತಿದ್ದವು, ಅಚ್ಚುಕೂಟದ ಇತಿಮಿತಿಗಳು ನಮ್ಮ ಬರವಣಿಗೆಯನ್ನು ಎಷ್ಟರಮಟ್ಟಿಗೆ ತಿದ್ದಿದವು ಎಂಬುದು ನನ್ನ ಪ್ರಶ್ನೆ. ಎಲ್ಲಿಗೆ ಸೇರಬೇಕು ಎಂಬುದೇ ತೀರ್ಮಾನವಾಗಿರಲಿಲ್ಲ. ನಾವಿರುವುದು ದಾವಣಗೆರೆಯಲ್ಲಿ. ಅಪ್ಪನ ಕಡೆಯವರು ಧಾರವಾಡದವರು, ಅಮ್ಮನ ತವರು ಮೈಸೂರು. ಎರಡೂ ಊರುಗಳಲ್ಲಿ ಕನ್ನಡ ಅಧ್ಯಯನಕ್ಕೆ ಹೆಸರಾದ ವಿಶ್ವವಿದ್ಯಾಲಯಗಳಿವೆ. ಎರಡೂ ಊರುಗಳ ನೆಂಟರ ಜೊತೆ ನಮ್ಮ ಮನೆಗೆ ಬಳಕೆ ತಪ್ಪಿ ವರ್ಷಗಳಾಗಿದ್ದವು. ಅಪ್ಪ ತೀರಿಕೊಂಡ ಮೇಲೆ ಕಾಕಾನ ಫೋನ್ ನಿಂತಿತ್ತು. ಅಜ್ಜಿಯ ಮನೆ ಮಾರಿದಂದಿನಿಂದ ಮಾವ ಅಮ್ಮನ ಜೊತೆ ಮಾತು ಬಿಟ್ಟಿದ್ದರು. ಲಾಡ್ಜಿನಲ್ಲಿ ಉಳಿಯಬಹುದಿತ್ತು, ಆದರೆ ಅಮ್ಮನೇ ಹೇಳಿದಳು: "ಹೋಗುವುದಾದರೆ ಮನೆಗೇ ಹೋಗು."

ಹೊರಡುವ ಮುನ್ನ ಒಂದು ಲೆಕ್ಕ ಹಾಕಿಕೊಂಡಿದ್ದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮದಂತೆ ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ವಿದ್ಯಾರ್ಥಿಗಳಿಗಿಂತ ಹೆಚ್ಚು ಜನರಿಗೆ ಮಾರ್ಗದರ್ಶನ ಮಾಡುವಂತಿಲ್ಲ. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಮಹಿಳೆಯರಿಗೆ ಮತ್ತೆರಡು ವರ್ಷದ ವಿನಾಯಿತಿ ಸಿಗಬಹುದು. ಅಂದರೆ ವಿಭಾಗ ಎಷ್ಟೇ ದೊಡ್ಡದಿರಲಿ, ನಮಗೆ ಬೇಕಾದ ಮಾರ್ಗದರ್ಶಕರ ಬಳಿ ಜಾಗವಿಲ್ಲದಿದ್ದರೆ ಅಲ್ಲಿಗೆ ಹೋಗಿ ಫಲವಿಲ್ಲ. ಹೀಗಾಗಿ ಎರಡೂ ಕಡೆ ಮೊದಲ ಪ್ರಶ್ನೆ ಅದೇ ಆಗಿತ್ತು. ಎರಡೂ ಕಡೆಯ ಅಧ್ಯಾಪಕರು ಮುಚ್ಚುಮರೆಯಿಲ್ಲದೆ ಉತ್ತರಿಸಿದರು. ಆ ವಿಷಯದಲ್ಲಿ ಎರಡೂ ಸಮಸಮ.

ಹೋಲಿಕೆ ನಿಜವಾಗಿ ಶುರುವಾದದ್ದು ಸಾಮಗ್ರಿಯ ಪ್ರಶ್ನೆ ಬಂದಾಗ.

ಮೈಸೂರಿನ ಆಳ ದೊಡ್ಡದು. ವಿಶ್ವವಿದ್ಯಾಲಯ 1916ರದು. ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆ 1966ರಿಂದ ಇದೆ. ಅದೇ ಆವರಣದ ಜಯಲಕ್ಷ್ಮಿ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ. ಕೂಗಳತೆಯಲ್ಲೇ ಭಾರತೀಯ ಭಾಷಾ ಸಂಸ್ಥಾನ. ಊರೊಳಗೆ ಪ್ರಾಚ್ಯವಿದ್ಯಾ ಸಂಶೋಧನಾಲಯವಿದೆ. 1891ರಲ್ಲಿ ಆರಂಭವಾದ ಆ ಭಂಡಾರದಲ್ಲೇ ವಿದ್ವಾಂಸ ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿ ಕಂಡದ್ದು, 1909ರಲ್ಲಿ ಅದು ಅಚ್ಚಾದದ್ದು. ಹಸ್ತಪ್ರತಿ, ಶಾಸನ, ಗ್ರಂಥಸಂಪಾದನೆ, ಜಾನಪದ, ಭಾಷಾವಿಜ್ಞಾನ ಇವುಗಳಲ್ಲಿ ಯಾವುದನ್ನಾದರೂ ಕೈಗೆತ್ತಿಕೊಳ್ಳುವವರು ನನ್ನನ್ನು ಕೇಳಿದರೆ ಎರಡನೆಯ ಮಾತಿಲ್ಲದೆ ಮೈಸೂರಿಗೆ ಹೋಗಿ ಎನ್ನುತ್ತೇನೆ. ಬೆಳಿಗ್ಗೆ ಒಂದು ಕಡೆ ಎದ್ದ ಸಂದೇಹವನ್ನು ಮಧ್ಯಾಹ್ನ ಇನ್ನೊಂದು ಕಡೆ ಪರಿಹರಿಸಿಕೊಳ್ಳಬಹುದಾದ ಊರು ಅದು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂತು. ಗುಡ್ಡದ ಮೇಲಿನ ವಿಶಾಲ ಆವರಣ. ಕನ್ನಡ ಅಧ್ಯಯನ ಪೀಠವಿದೆ, 1939ರಷ್ಟು ಹಳೆಯದಾದ ಕನ್ನಡ ಸಂಶೋಧನಾ ಸಂಸ್ಥೆಯಿದೆ, ಊರಿನಲ್ಲಿ 1890ರ ಕರ್ನಾಟಕ ವಿದ್ಯಾವರ್ಧಕ ಸಂಘವಿದೆ. ಎಣಿಸುತ್ತ ಹೋದರೆ ಮೈಸೂರಿನ ಪಟ್ಟಿಯೇ ಉದ್ದವಾಗುತ್ತದೆ. ಆದರೆ ನನ್ನ ಪ್ರಶ್ನೆಗೆ ಬೇಕಾದದ್ದು ಪಟ್ಟಿಯ ಉದ್ದವಲ್ಲ. ಹಳೆಯ ಮೈಸೂರಿನಲ್ಲಿ ಕನ್ನಡ ಅಚ್ಚಿಗೆ ಅರಮನೆಯ ಆಸರೆಯಿತ್ತು. ಧಾರವಾಡ ಮುಂಬಯಿ ಆಡಳಿತಕ್ಕೆ ಸೇರಿತ್ತು. ಅಲ್ಲಿ ಶಾಲೆಯಲ್ಲೂ ಕಚೇರಿಯಲ್ಲೂ ಮರಾಠಿಯ ಭಾರವಿತ್ತು, ಕನ್ನಡದಲ್ಲಿ ಒಂದು ಪತ್ರಿಕೆ ಹೊರಡಿಸುವುದೇ ಒಂದು ಹಟದ ಕೆಲಸ. ವಿದ್ಯಾವರ್ಧಕ ಸಂಘ ಕಟ್ಟಿದವರದೂ, 1922ರಲ್ಲಿ 'ಜಯಕರ್ನಾಟಕ' ಹೊರಡಿಸಿದ ಆಲೂರು ವೆಂಕಟರಾಯರದೂ ಅಂಥದೇ ಹಟ. ಹಣವಿಲ್ಲದೆ, ಸಾಕಷ್ಟು ಮೊಳೆಗಳಿಲ್ಲದೆ (ಒಂದೊಂದು ಅಕ್ಷರಕ್ಕೂ ಬೇಕಾದ ಲೋಹದ ಅಚ್ಚುಗಳಿಲ್ಲದೆ) ಅಚ್ಚು ಹಾಕಿದವರ ಕಥೆ ನನಗೆ ಬೇಕು.

ಇಷ್ಟನ್ನು ಮನೆಯಲ್ಲೇ ಕುಳಿತು ಓದಿ ತಿಳಿಯಬಹುದಿತ್ತು. ಹೋಗದಿದ್ದರೆ ತಿಳಿಯದೇ ಉಳಿಯುತ್ತಿದ್ದದ್ದು ಕಾಕಾ ತೋರಿಸಿಕೊಟ್ಟದ್ದು.

ಕಾಕಾ ಮುದ್ರಣಾಲಯವೊಂದರಲ್ಲಿ ಮೊಳೆ ಜೋಡಿಸುತ್ತಿದ್ದರೆಂದು ಗೊತ್ತಿತ್ತು. ಚಿಕ್ಕಂದಿನಲ್ಲಿ ಅವರ ಬೆರಳ ತುದಿಗಳು ಸದಾ ಕಪ್ಪಗಿರುತ್ತಿದ್ದದ್ದಷ್ಟೇ ನೆನಪು. ಬಾಗಿಲು ತೆರೆದವರು ನನ್ನನ್ನು ಗುರುತಿಸಲು ಒಂದು ಕ್ಷಣ ತಡೆದರು. ನಂತರ "ಅಣ್ಣನ ಹಣೆ, ಅದೇ ಹಣೆ" ಎಂದು ಒಳಗೆ ಕರೆದರು. ಕಾಕು ಮಾತಾಡಲಿಲ್ಲ, ಕೈಯಲ್ಲಿದ್ದ ಚೀಲ ಇಸಿದುಕೊಂಡು ನಡುಮನೆಯಲ್ಲಿಟ್ಟರು. ಸಂಜೆ, ಹಳೆಯ ಮಾಸಪತ್ರಿಕೆಯೊಂದರ ನಾಲ್ಕು ಪುಟಗಳ ನೆರಳಚ್ಚು ಪ್ರತಿಯನ್ನು ಅವರ ಮುಂದಿಟ್ಟೆ. ಅವರು ಅದನ್ನು ಓದಲಿಲ್ಲ. ತಲೆಕೆಳಗು ಮಾಡಿ ಹಿಡಿದರು. ಮೊಳೆ ಜೋಡಿಸುವವರು ಸಾಲನ್ನು ನೋಡುವುದೇ ಹಾಗೆ, ನಲವತ್ತು ವರ್ಷದ ಅಭ್ಯಾಸ ಎಂದರು.

ಹತ್ತು ನಿಮಿಷದ ನಂತರ ಬೆರಳಿಟ್ಟು ತೋರಿಸಿದರು. ಒಂದು ಪುಟದ ಮೇಲರ್ಧದಲ್ಲಿ ಪ್ರಶ್ನಾರ್ಥಕ ಚಿಹ್ನೆಗೆ ಮುನ್ನ ತೆಳುವಾದ ತೆರಪು ಬಿಟ್ಟಿದೆ, ಕೆಳಗೆ ಬಿಟ್ಟಿಲ್ಲ. "ಇದು ಒಬ್ಬರ ಕೈಯಲ್ಲ, ಇಬ್ಬರದು. ಮೊದಲನೆಯವನು ಮಧ್ಯದಲ್ಲಿ ಎದ್ದುಹೋಗಿದ್ದಾನೆ." ಮತ್ತೊಂದು ಪುಟದ ಕೊನೆಯ ಐದು ಸಾಲುಗಳಲ್ಲಿ 'ಳ್ಳ'ದ ಒತ್ತು ತುಸು ದಪ್ಪ. ಮೊಳೆಗಳನ್ನು ವಿಂಗಡಿಸಿಡುವ ಪೆಟ್ಟಿಗೆಯಾದ ಕೇಸಿನಲ್ಲಿ ಮೊಳೆ ಮುಗಿದು, ಬೇರೆ ಅಳತೆಯ ಕೇಸಿನಿಂದ ತಂದು ತುಂಬಿದ್ದಾರೆ. ಅದೇ ಪುಟದಲ್ಲಿ 'ಹೇಳಿದ್ದುಂಟು' ಎಂಬ ರೂಪ ಮೇಲೆ ಮೂರು ಸಲ ಬಂದಿದೆ, ಕೆಳಗೆ 'ಹೇಳಿದುದುಂಟು' ಆಗಿದೆ. ಇದು ಲೇಖಕರ ಆಯ್ಕೆಯೋ, 'ದ' ಒತ್ತಿನ ಮೊಳೆ ಸಾಲದ್ದಕ್ಕೆ ಅಚ್ಚುಕೂಟ ಮಾಡಿಕೊಂಡ ಉಪಾಯವೋ? ಕಾಕಾ ಖಚಿತವಾಗಿ ಹೇಳಲಿಲ್ಲ. ತಾವಾಗಿದ್ದರೆ ಲೇಖಕರನ್ನು ಕೇಳದೆ ಹಾಗೇ ಮಾಡುತ್ತಿದ್ದೆ ಎಂದಷ್ಟೇ ಹೇಳಿದರು. ನನಗೆ ಮೈ ಜುಮ್ಮೆಂದಿತು. ಕನ್ನಡದ ಮೊದಲ ಪತ್ರಿಕೆಯಾದ 1843ರ ಮಂಗಳೂರ ಸಮಾಚಾರ ಕಲ್ಲಚ್ಚಿನದು, ಅಲ್ಲಿ ಮೊಳೆಯ ಮಾತೇ ಬರುವುದಿಲ್ಲ, ಬರೆದ ಕೈಯೇ ಅಚ್ಚಾಗುತ್ತದೆ. ಮೊಳೆ ಬಂದ ಮೇಲೆ ಬರೆದವರಿಗೂ ಓದುಗರಿಗೂ ನಡುವೆ ಮೂರನೆಯ ಕೈಯೊಂದು ಸೇರಿಕೊಂಡಿತು. ಆ ಮೂರನೆಯ ಕೈಯೇ ನನ್ನ ಸಂಶೋಧನೆ ಎಂಬುದು ಆ ಸಂಜೆ ನನಗೇ ಸ್ಪಷ್ಟವಾಯಿತು.

ಮೈಸೂರಿನ ಮಾವನದು ಬೇರೆಯೇ ರೀತಿ. ನಿಲ್ದಾಣಕ್ಕೆ ಬಂದು ನಿಂತಿದ್ದರು. ಮರುದಿನ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಸಿಕೊಂಡು ಹೋಗಿ, ಮಾನಸಗಂಗೋತ್ರಿಗೆ ಯಾವ ಕಡೆಯಿಂದ ಹೋದರೆ ಹತ್ತಿರ, ಎಲ್ಲಿ ಸಂಜೆ ಬೇಗ ಕತ್ತಲಾಗುತ್ತದೆ, ಬಸ್ಸು ಎಷ್ಟು ಹೊತ್ತಿನವರೆಗೆ ಸಿಗುತ್ತದೆ ಎಂದೆಲ್ಲ ತೋರಿಸಿದರು. ಸೇರುವುದಾದರೆ ಹಾಸ್ಟೆಲಿನಲ್ಲಿರು, ಭಾನುವಾರಕ್ಕೆ ಮನೆಗೆ ಬಾ ಎಂದರು. ಮೊದಲು ಕೇಳಿದಾಗ ಮನಸ್ಸಿಗೆ ಚುಚ್ಚಿತು. ಯೋಚಿಸಿದರೆ ಅದು ಸರಿಯಾದ ಸಲಹೆ. ಸಂಶೋಧನೆ ಮಾಡುವವಳಿಗೆ ರಾತ್ರಿ ಹನ್ನೊಂದಕ್ಕೆ ಟಿಪ್ಪಣಿ ಹರಡಿಕೊಂಡು ಕೂರುವ ಜಾಗ ಬೇಕು. ನೆಂಟರ ಮನೆಯ ಮೂರು ವರ್ಷದ ಆತಿಥ್ಯ ಯಾರಿಗೂ ಹಿತವಲ್ಲ. ಕಾಕಾ ನಮ್ಮಲ್ಲೇ ಇರು ಎಂದಿದ್ದರು. ಇಬ್ಬರದೂ ಪ್ರೀತಿಯೇ, ಆದರೆ ಈ ಒಂದು ವಿಷಯದಲ್ಲಿ ಮಾವನ ಮಾತನ್ನೇ ಧಾರವಾಡಕ್ಕೂ ಅನ್ವಯಿಸುತ್ತೇನೆ.

ಹೊರಡುವ ರಾತ್ರಿ ಮಾವ ನನ್ನ ಮೊಬೈಲ್ ಕೇಳಿ ಪಡೆದು ಅಮ್ಮನಿಗೆ ಕರೆ ಮಾಡಿದರು. ಮನೆಯ ಮಾತು ಬರಲಿಲ್ಲ. "ಅಕ್ಕ, ಬಿ.ಪಿ.ಗೆ ಈಗ ಯಾವ ಮಾತ್ರೆ?" ಎಂದು ಕೇಳಿದರು. ಆ ಕಡೆಯಿಂದ ಅಮ್ಮ ಹೆಸರು ಹೇಳಿರಬೇಕು. ಇವರು ಅದನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡರು. ಎರಡು ನಿಮಿಷವೂ ಆಗಿರಲಿಲ್ಲ.

ಮೂರನೆಯ ವಿಶ್ವವಿದ್ಯಾಲಯವೊಂದಕ್ಕೂ ದಾರಿಯಲ್ಲಿ ಇಳಿದಿದ್ದೆ, ಹೆಸರು ಬೇಡ. ಬರಹೇಳಿದ ದಿನವೇ ವಿಭಾಗದಲ್ಲಿ ಯಾರೂ ಇರಲಿಲ್ಲ. ನಾಲ್ಕು ಗಂಟೆ ಬೆಂಚಿನ ಮೇಲೆ ಕುಳಿತು ವಾಪಸಾದೆ. ಅಲ್ಲಿಯೇ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿಯೊಬ್ಬಳು ಹತ್ತಿರ ಬಂದು, ಅಧ್ಯಾಯ ಕೊಟ್ಟು ಏಳು ತಿಂಗಳಾದರೂ ಮಾರ್ಗದರ್ಶಕರು ಓದಿಲ್ಲವೆಂದು ಹೇಳಿಕೊಂಡಳು. ಹಾಗಾಗಿ ಹೋಗಿ ನೋಡುವವರಿಗೆ ನನ್ನದೊಂದು ಕೋರಿಕೆ: ಅಧ್ಯಾಪಕರನ್ನು ಭೇಟಿಯಾದ ಮೇಲೆ, ಇನ್ನೊಂದು ದಿನ ಯಾರಿಗೂ ಹೇಳದೆ ಹೋಗಿ ಸಂಶೋಧನಾ ವಿದ್ಯಾರ್ಥಿಗಳ ಪಕ್ಕ ಕುಳಿತುಕೊಳ್ಳಿ. ಬರೆದುಕೊಟ್ಟದ್ದು ಎಷ್ಟು ದಿನಕ್ಕೆ ತಿದ್ದಿ ವಾಪಸು ಬರುತ್ತದೆ ಎಂದು ಕೇಳಿ. ಧಾರವಾಡದಲ್ಲೂ ಮೈಸೂರಿನಲ್ಲೂ ನಾನು ಕೇಳಿದವರು ದಿನಗಳಲ್ಲಿ ಲೆಕ್ಕ ಹೇಳಿದರು, ತಿಂಗಳುಗಳಲ್ಲಿ ಅಲ್ಲ.

ಧಾರವಾಡಕ್ಕೆ ಅರ್ಜಿ ಹಾಕುತ್ತಿದ್ದೇನೆ. ಮೈಸೂರಿನ ಪ್ರವೇಶ ಪರೀಕ್ಷೆಯನ್ನೂ ಬರೆಯುತ್ತೇನೆ, ಯಾಕೆಂದರೆ ಸೀಟು ಎಂಬುದು ನಮ್ಮ ಇಷ್ಟದ ಮೇಲೆ ನಿಂತಿಲ್ಲ. ಅಲ್ಲಿ ಸಿಕ್ಕರೆ ಮೈಸೂರಿನ ಅಚ್ಚನ್ನೂ ಧಾರವಾಡದ ಅಚ್ಚನ್ನೂ ಎದುರುಬದುರಿಟ್ಟು ನೋಡುವಂತೆ ವಿಷಯವನ್ನು ಹಿಗ್ಗಿಸಿಕೊಳ್ಳುತ್ತೇನೆ. ಕಾಕಾನಿಗೆ ಇನ್ನೂ ಇಪ್ಪತ್ತು ಪುಟಗಳ ಪ್ರತಿ ಅಂಚೆಯಲ್ಲಿ ಕಳಿಸಿದ್ದೇನೆ. ನಿನ್ನೆ ಫೋನ್ ಮಾಡಿ, ಹನ್ನೆರಡನೆಯ ಪುಟದಲ್ಲಿ ಮೊದಲನೆಯವನು ಮತ್ತೆ ಬಂದಿದ್ದಾನೆ ಎಂದರು.